ರಾಜನ ಕೆನ್ನೆಗೆ ಬಿದ್ದ ಏಟು

ಕೇಳುಗರಿಗೆಲ್ಲ ನಮಸ್ಕಾರ.

ಹಬ್ಬದ ದಿನ, ದೇವಸ್ಥಾನದಲ್ಲಿ, ರಾಜನ ಕೆನ್ನೆಗೆ ಪೂಜಾರಿ ಬಾರಿಸುತ್ತಾನೆ ಅಂದರೆ ನಂಬುತ್ತೀರಾ? ಬ್ಯಾಬಿಲೋನಿನಲ್ಲಿ ಇದು ಶಾಸ್ತ್ರ.

ಬ್ಯಾಬಿಲೋನ್ ಇದ್ದದ್ದು ಈಗಿನ ಇರಾಕಿನಲ್ಲಿ, ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್ ದೂರ, ಯೂಫ್ರೆಟಿಸ್ ನದಿಯ ದಂಡೆಯಲ್ಲಿ. ಆ ಸೀಮೆಯಲ್ಲಿ ಕಲ್ಲಿಲ್ಲ, ಒಳ್ಳೆ ಮರವೂ ಅಷ್ಟಕ್ಕಷ್ಟೆ. ಇದ್ದದ್ದು ಮಣ್ಣು. ಮನೆಯೂ ಮಣ್ಣಿನದು, ಕೋಟೆಯೂ ಮಣ್ಣಿನದು, ಕಾಗದವೂ ಮಣ್ಣೇ. ಅಂಗೈಯಲ್ಲಿ ಹಿಡಿಯುವಷ್ಟು ಹಸಿ ಜೇಡಿಮಣ್ಣಿನ ಹಲಗೆ, ಅದರ ಮೇಲೆ ಜೊಂಡಿನ ಕಡ್ಡಿಯ ತುದಿ ಒತ್ತಿದರೆ ಬೆಣೆಯಂಥ ಗುರುತು. ಸಾಲದ ಪತ್ರ, ಬಾರ್ಲಿಯ ಲೆಕ್ಕ, ಗ್ರಹಣದ ಲೆಕ್ಕ, ಎಲ್ಲಾ ಹೀಗೇ ಬರೆದರು. ಊರಿಗೆ ಬೆಂಕಿ ಬಿದ್ದರೆ ಹಲಗೆ ಸುಟ್ಟು ಇನ್ನೂ ಗಟ್ಟಿಯಾಗುತ್ತಿತ್ತು. ಅವರ ಎಣಿಕೆ 60ರ ಮೇಲೆ ನಿಂತಿತ್ತು. ನಿಮ್ಮ ಗಡಿಯಾರದಲ್ಲಿ ಗಂಟೆಗೆ 60 ನಿಮಿಷ ಇದೆಯಲ್ಲ, ಅದರ ಬೇರು ಅಲ್ಲೇ.

ಈಗ ಹಬ್ಬಕ್ಕೆ ಬರೋಣ. ಅವರ ಹೊಸ ವರ್ಷದ ಹಬ್ಬದ ಹೆಸರು ಅಕಿತು. ನಮ್ಮ ಯುಗಾದಿಯ ಆಸುಪಾಸಿನಲ್ಲೇ, ನಿಸಾನ್ ಅನ್ನೋ ತಿಂಗಳಲ್ಲಿ. ಅವರದೂ ಚಂದ್ರನ ತಿಂಗಳು. ಋತು ತಪ್ಪದಿರಲಿ ಅಂತ ನಮ್ಮ ಹಾಗೇ ಅಧಿಕ ಮಾಸ ಸೇರಿಸುತ್ತಿದ್ದರು, 19 ವರ್ಷಕ್ಕೆ 7.

ಹಬ್ಬದ ನಾಲ್ಕನೆಯ ದಿನ, ಮರ್ದುಕ್ ದೇವರು ಲೋಕ ಸೃಷ್ಟಿಸಿದ ಕಥೆಯ ಪಾರಾಯಣ. ಐದನೆಯ ದಿನ ರಾಜ ಎಸಗಿಲ ಅನ್ನೋ ಮರ್ದುಕನ ಗುಡಿಗೆ ಬರುತ್ತಾನೆ. ದೊಡ್ಡ ಪೂಜಾರಿ ಅವನ ರಾಜದಂಡ, ಗದೆ, ಕಿರೀಟ ಕಿತ್ತುಕೊಂಡು ಹೋಗಿ ದೇವರ ಮುಂದೆ ಪೀಠದ ಮೇಲಿಡುತ್ತಾನೆ. ವಾಪಸ್ ಬಂದು ಕೆನ್ನೆಗೆ ಒಂದು ಬಿಗಿಯುತ್ತಾನೆ. ಕಿವಿ ಹಿಡಿದು ಒಳಗೆ ಎಳೆದು ಮಂಡಿಯೂರಿಸುತ್ತಾನೆ. ರಾಜ ಒಪ್ಪಿಸಬೇಕು: ಪಾಪ ಮಾಡಿಲ್ಲ, ಬ್ಯಾಬಿಲೋನನ್ನು ಹಾಳು ಮಾಡಿಲ್ಲ, ಊರಿನ ಮಾನ್ಯರ ಕೆನ್ನೆಗೆ ಹೊಡೆದಿಲ್ಲ. ಏಟು ತಿಂದವನ ಬಾಯಲ್ಲೇ ಈ ಮಾತು, ನೋಡಿ! ಆಮೇಲೆ ಪೂಜಾರಿ ಸಮಾಧಾನ ಹೇಳಿ ಕಿರೀಟ ವಾಪಸ್ ಕೊಡುತ್ತಾನೆ. ಕೊಟ್ಟು ಇನ್ನೊಂದು ಏಟು. ಕಣ್ಣಲ್ಲಿ ನೀರು ಬಂದರೆ ದೇವರು ಒಲಿದ. ಬರದಿದ್ದರೆ ಶತ್ರು ಏರಿ ಬಂದು ರಾಜನನ್ನು ಬೀಳಿಸುತ್ತಾನೆ.

ಅಂದ ಮೇಲೆ ಪೂಜಾರಿ ಸುಮ್ನೆ ಮುಟ್ಟಿ ಬಿಟ್ಟಿರಲಿಕ್ಕಿಲ್ಲ, ಅಲ್ವಾ? ಒಂದು ಮಾತು ಹೇಳಿಬಿಡಬೇಕು. ಈ ವಿಧಿ ಬರೆದ ಹಲಗೆಗಳು ಅಲೆಗ್ಸಾಂಡರನ ನಂತರದ ಕಾಲದವು. ಹಳೇ ರಾಜರೆಲ್ಲ ಇದೇ ರೀತಿ ಏಟು ತಿಂದರು ಅಂತ ಆಣೆ ಮಾಡಿ ಹೇಳಲಾಗದು.

ಆದರೆ ರಾಜನಿಲ್ಲದೆ ಅಕಿತು ಇಲ್ಲ, ಇದಂತೂ ಖಂಡಿತ. ಕ್ರಿ.ಪೂ. 556ರಲ್ಲಿ ಪಟ್ಟಕ್ಕೆ ಬಂದ ನಬೊನಿಡಸ್ ಚಂದ್ರ ದೇವರ ಭಕ್ತ. ಬ್ಯಾಬಿಲೋನ್ ಬಿಟ್ಟು ಅರಬರ ಮರುಭೂಮಿಯ ತೇಮಾ ಊರಿಗೆ ಹೋಗಿ ವರ್ಷಗಟ್ಟಲೆ ಕೂತ. ಆ ಕಾಲದ ಘಟನೆಗಳನ್ನು ಬರೆದ ಹಲಗೆಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆಳ್ವಿಕೆಯ 7ನೇ ವರ್ಷ: ರಾಜ ತೇಮಾದಲ್ಲಿ, ಅಕಿತು ನಡೆಯಲಿಲ್ಲ. 9ನೇ ವರ್ಷ: ರಾಜ ತೇಮಾದಲ್ಲಿ, ಅಕಿತು ನಡೆಯಲಿಲ್ಲ. 10, 11, ಅದೇ ಸಾಲು. ಬಯ್ಗುಳ ಇಲ್ಲ, ಗೋಳಾಟ ಇಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಹಾಕಿದ ಹಾಗೆ. 9ನೇ ವರ್ಷದ ಸಾಲಿನಲ್ಲಿ ಇನ್ನೊಂದು ಸಂಗತಿಯಿದೆ. ನಿಸಾನ್ ಐದರಂದು ರಾಜನ ತಾಯಿ ತೀರಿಕೊಂಡಳು. ಏಟಿನ ಶಾಸ್ತ್ರ ನಡೆಯಬೇಕಿದ್ದ ದಿನ ಅದೇ.

ಕೊನೆಗೆ ನಬೊನಿಡಸ್ ವಾಪಸ್ ಬಂದ. ಕ್ರಿ.ಪೂ. 539ರ ವಸಂತದಲ್ಲಿ ಅಕಿತು ನಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಪರ್ಷಿಯಾದ ಸೈರಸನ ಸೈನ್ಯ ಊರೊಳಗೆ ಬಂತು, ಯುದ್ಧವೇ ಇಲ್ಲದೆ. ರಾಜ ಸೆರೆ ಸಿಕ್ಕಿದ. ಗುರಾಣಿ ಹಿಡಿದ ಸೈನಿಕರು ಎಸಗಿಲದ ಬಾಗಿಲುಗಳನ್ನು ಸುತ್ತುವರಿದರು. ಹಲಗೆ ಬರೆದವನು ಅದನ್ನೂ ಬರೆದ. ಜೊತೆಗೇ ಇದನ್ನೂ ಸೇರಿಸಿದ: ಗುಡಿಯೊಳಗೆ ಯಾವ ಪೂಜೆಯೂ ನಿಲ್ಲಲಿಲ್ಲ.

ನಮಸ್ಕಾರ.