ಬೋಲ್ಟು ಕೂತರೆ ಸಾಲದು, ತಗಡು ಓದಿ

ಕೇಳುಗರಿಗೆ ನಮಸ್ಕಾರ. ನಾನು ಪುಣೆಯ ಭೋಸರಿಯಲ್ಲಿ ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪು, ಅದನ್ನು ಒಳಗೆ ಸಿಂಪಡಿಸುವ ನೋಜಲ್ ರಿಪೇರಿ ಮಾಡುವವನು. ಹಳೇ ಡೀಸೆಲ್ ಕಾರು ಇಟ್ಟುಕೊಂಡವರು, ಪಂಪು ಕೆಟ್ಟರೆ ಬೇರೆ ಗಾಡಿಯದ್ದನ್ನು ತಂದು ಹಾಕೋಣ ಅನ್ನುವವರು ಸ್ವಲ್ಪ ಕೇಳಿ. ಪಂಪಿನ ಮೈಮೇಲೆ ಒಂದು ಸಣ್ಣ ತಗಡು ಇರುತ್ತದೆ. ಮೊದಲು ಅದನ್ನು ಓದಿ. ಈಗಿನ ಹೊಸ ಡೀಸೆಲ್ ಗಾಡಿಗಳ ಕಾಮನ್ ರೈಲ್ ಪದ್ಧತಿ ಬೇರೆಯೇ ವಿಷಯ, ಇವತ್ತು ಅದನ್ನು ಮುಟ್ಟುವುದಿಲ್ಲ.

ಹನ್ನೆರಡು ವರ್ಷದ ಹಿಂದೆ ವಿಜಯಪುರ ಕಡೆಯ ಒಬ್ಬ ಟ್ಯಾಕ್ಸಿ ಹುಡುಗ ನನ್ನ ಹತ್ತಿರ ಬಂದ. ಪಂಪು ಸೋರುತ್ತಿತ್ತಂತೆ. ಭಾನುವಾರ ಜೂನಾ ಬಜಾರಿಗೆ ಹೋಗಿ, ನೋಡಲು ಹಾಗೆಯೇ ಇದ್ದ ಇನ್ನೊಂದು ಪಂಪು ತಂದು ಹಾಕಿಸಿದ್ದ. "ಅಣ್ಣಾರ, ಬೋಲ್ಟ್ ಎಲ್ಲಾ ಕರೆಕ್ಟ್ ಕೂತಾವ, ಗಾಡಿ ಮಾತ್ರ ಚಾಲೂ ಆಗವಲ್ದು" ಅಂದ. ಎರಡು ದಿನ ಗ್ಯಾರೇಜಿನವರು ಡೀಸೆಲ್ ಪೈಪಿನ ಗಾಳಿ ತೆಗೆದಿದ್ದಾರೆ, ಫಿಲ್ಟರ್ ಬದಲಿಸಿದ್ದಾರೆ, ಹೀಟರ್ ಪ್ಲಗ್ ಹೊಸದು ಹಾಕಿದ್ದಾರೆ, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಇಳಿಸಿದ್ದಾರೆ, ಆದರೆ ಪಂಪಿನ ಮೇಲಿನ ಕೊಳೆ ಒರೆಸಿ ಅಲ್ಲಿ ಏನು ಬರೆದಿದೆ ಅಂತ ಒಬ್ಬರೂ ನೋಡಿಲ್ಲ! ನಾನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಅವನ ಹಳೇ ಪಂಪಿನ ನಂಬರಿನ ಕೊನೆಯ ಕಡೆ ಆರ್ ಅಕ್ಷರ ಇತ್ತು, ತಂದದ್ದರಲ್ಲಿ ಎಲ್. ಒಂದು ಬಲಕ್ಕೆ ತಿರುಗುವುದು, ಇನ್ನೊಂದು ಎಡಕ್ಕೆ. ಉಲ್ಟಾ ತಿರುಗಿಸಿದರೆ ಒಳಗಿನ ಫೀಡ್ ಪಂಪು ಡೀಸೆಲ್ ಎಳೆಯುವುದೇ ಇಲ್ಲ, ಎಂಜಿನ್ ಹೇಗೆ ಹತ್ತಬೇಕು? ಆ ಹುಡುಗನ ಎರಡು ದಿನದ ದುಡಿಮೆ ಹೋಯಿತಲ್ಲ, ಅದು ಇವತ್ತಿಗೂ ನನಗೆ ಬೇಜಾರು.

ಬೋಲ್ಟು ಕೂತಿತು ಅಂದರೆ ಪಂಪು ಹೊಂದಿತು ಅಂತಲ್ಲ. ತಗಡು ಓದಿ. ನಮ್ಮ ಬೆಂಗಳೂರಿನ ಮೈಕೊ ಕಾರ್ಖಾನೆಯ ಹೆಸರು ಎಲ್ಲರಿಗೂ ಗೊತ್ತು, 2008ರಿಂದ ಅದು ಬಾಷ್. ಆ ಜಾತಿಯ ರೋಟರಿ ಪಂಪಿನ ಮೇಲೆ ವಿಇ 4/9 ಎಫ್ 2250 ಆರ್ ಅಂತ ಇದ್ದರೆ, ವಿಇ ಅಂದರೆ ಪಂಪಿನ ಜಾತಿ, 4 ಅಂದರೆ ಎಷ್ಟು ಸಿಲಿಂಡರ್ ಅಂತ, 9 ಅಂದರೆ ಪ್ಲಂಜರಿನ, ಅಂದರೆ ಒಳಗೆ ಡೀಸೆಲ್ ಒತ್ತುವ ಕಡ್ಡಿಯ ದಪ್ಪ, ಮಿಲಿಮೀಟರಿನಲ್ಲಿ. 8ರ ಜಾಗಕ್ಕೆ 9 ಬಂದರೆ ಅಷ್ಟೇ ಹೊಡೆತಕ್ಕೆ ಕಾಲು ಭಾಗ ಜಾಸ್ತಿ ಡೀಸೆಲ್. 2250 ಅಂದರೆ ನಿಮಿಷಕ್ಕೆ ಪಂಪಿನ ಸುತ್ತು. ಎಂಜಿನ್ ಎರಡು ಸುತ್ತು ತಿರುಗಿದಾಗ ಪಂಪು ಒಂದು ಸುತ್ತು, ಹಾಗಾಗಿ ಅದು ಎಂಜಿನ್ನಿನ 4500. ಇಷ್ಟೂ ಆ ಅಂಗೈಯಗಲವೂ ಇಲ್ಲದ ತಗಡಿನಲ್ಲಿದೆ, ಸುಮ್ನೆ ಒರೆಸಿ ನೋಡಬೇಕು ಅಷ್ಟೇ.

ಹೊತ್ತು ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಟರ್ಬೊ ಗಾಡಿಯ ಪಂಪನ್ನು ಟರ್ಬೊ ಇಲ್ಲದ್ದಕ್ಕೆ ಹಾಕಬೇಡಿ. ನಂಬರು ಹೊಂದಿದರೂ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ, ಅಂದರೆ ಪಂಪು ಎಷ್ಟು ಡೀಸೆಲ್ ಬಿಡುತ್ತದೆ ಅಂತ ಅಳೆದು ಹೊಂದಿಸಿ. ಟೈಮಿಂಗ್, ಅಂದರೆ ಡೀಸೆಲ್ ಸಿಂಪಡಿಸುವ ಹೊತ್ತು, ಡಯಲ್ ಗೇಜ್ ಅನ್ನುವ ಮುಳ್ಳಿನ ಅಳತೆ ಸಾಧನ ಇಟ್ಟೇ ಹೊಂದಿಸಬೇಕು, ಕಿವಿಯಲ್ಲಿ ಕೇಳಿ ಅಲ್ಲ. ಟೈಮಿಂಗ್ ಹಿಂದೆ ಬಿದ್ದರೆ ಬಿಳಿ ಹೊಗೆ, ಮುಂದೆ ಹೋದರೆ ಟಕಟಕ ಬಡಿತ. ಇನ್ನೊಂದು, ನೋಜಲ್ ಸಿಂಪಡಿಸುವಾಗ ಬೆರಳು ಅಡ್ಡ ಹಿಡಿಯಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಿಸುತ್ತದೆ. ನೋವಿಲ್ಲ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಮಸ್ಕಾರ.