ಬೋರ್ಡ್ ಬಿಚ್ಚಿಕೊಳ್ಳಿ, ಕಾವಲಿ ಮುಟ್ಟಬೇಡಿ

ನಮಸ್ಕಾರ. ಮೈಸೂರಿನವರಿಗೆ, ಮಂಡ್ಯದವರಿಗೆ, ಬೆಂಗಳೂರಿನಲ್ಲಿ ಕೂತು ಮೈಸೂರು ನೆನೆಸಿಕೊಳ್ಳುವವರಿಗೆ, ಎಲ್ಲರಿಗೂ. ಇವತ್ತು ನಮ್ಮ ರಸ್ತೆ ಗುಂಡಿ ಬಗ್ಗೆ ಮಾತಾಡಬೇಕು ಅಂತಿದ್ದೆ. ಗುಂಡಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವಾರವೂ ಇರುತ್ತದೆ. ಮೊದಲು, ಕಳೆದ ವಾರ ನಾನು ಹೇಳಿದ ಟಿಫಿನ್ ಅಂಗಡಿಯವರ ಬಗ್ಗೆ ಬಂದಿರುವ ಈ ಕಾಮೆಂಟ್ ಕೇಳಿ.

"ಸಹಿ ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದು ಅವನ ತಪ್ಪು. ಈಗ ಕಂಪನಿ ನೋಟಿಸ್ ಕಳಿಸಿದರೆ ಅಳೋದು ಯಾಕೆ?"

ಇದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್ ಬಂದಿದೆ. ಹೊಟ್ಟೆ ಉರಿಯಲ್ವಾ ಹೇಳಿ?

ಕಳೆದ ವಾರದ ಸಂಚಿಕೆ ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕುವೆಂಪುನಗರದಲ್ಲಿ ನಾನು ದಿನಾ ಹೋಗುವ ಒಂದು ಟಿಫಿನ್ ಅಂಗಡಿ. ಅದರ ಮಾಲೀಕರು ಐದು ವರ್ಷ ಯಾವುದೋ ದೋಸೆ ಕಂಪನಿಯ ಫ್ರ್ಯಾಂಚೈಸಿ ನಡೆಸಿದರು. ಅಂದರೆ ಅಂಗಡಿ ಇವರದು, ಹೆಸರು ಕಂಪನಿಯದು, ಆ ಹೆಸರು ಬಳಸಿದ್ದಕ್ಕೆ ಕಂಪನಿಗೆ ಕಟ್ಟೋ ದುಡ್ಡೇ ರಾಯಲ್ಟಿ. ಅವಧಿ ಮುಗಿಯಿತು, ರಾಯಲ್ಟಿ ಕಟ್ಟಿ ಸಾಕಾಯಿತು, ಅಗ್ರಿಮೆಂಟ್ ಮುಂದುವರಿಸಲಿಲ್ಲ. ಬೋರ್ಡಿಗೆ ಬಿಳಿ ಪೇಂಟ್ ಹೊಡೆದು ಅದರ ಮೇಲೆ ತಾಯಿಯ ಹೆಸರು ಬರೆಸಿದರು. ಒಂದೇ ಕೋಟ್ ಪೇಂಟ್, ಹಾಗಾಗಿ ಮಧ್ಯಾಹ್ನದ ಬಿಸಿಲು ಬಿದ್ದರೆ ಹಳೇ ಅಕ್ಷರ ಕೆಳಗಿಂದ ಇಣುಕುತ್ತದೆ. ಒಳಗೆ ಅದೇ ಭಟ್ಟರು. ಅದೇ ಕಾವಲಿ ಮೇಲೆ ನೀರು ಚಿಮುಕಿಸಿ ಅದೇ ಗರಿ ಪೊರಕೆಯಲ್ಲಿ ಗುಡಿಸುತ್ತಾರೆ. ಹದಿನೈದು ದಿನಕ್ಕೆ ವಕೀಲರ ನೋಟಿಸ್ ಬಂತು. ಎರಡು ವರ್ಷ, ಐದು ಕಿಲೋಮೀಟರ್ ಒಳಗೆ ತಿಂಡಿ ವ್ಯಾಪಾರ ಮಾಡಕೂಡದಂತೆ. ಮಾಡಿದರೆ ಇಪ್ಪತ್ತು ಲಕ್ಷ ಕಟ್ಟಬೇಕಂತೆ.

ನನ್ನ ಮಾತು ಒಂದೇ. ಬೋರ್ಡ್ ಕಂಪನಿಯದು, ಬಿಚ್ಚಿಕೊಂಡು ಹೋಗಲಿ. ಕಾವಲಿ ಅವರದು, ಮುಟ್ಟಬೇಡಿ.

ಬೋರ್ಡ್ ವಿಷಯದಲ್ಲಿ ನಾನು ಕಂಪನಿ ಕಡೆಯೇ. ಅಗ್ರಿಮೆಂಟ್ ಮುಗಿದ ಮೇಲೂ ಅದೇ ಹೆಸರು, ಅದೇ ಲೋಗೋ ಇಟ್ಟುಕೊಂಡರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ತಡೆಯಾಜ್ಞೆ ಬರುತ್ತದೆ, ಬರಲೇಬೇಕು. ಆ ಒಂದೇ ಕೋಟ್ ಪೇಂಟ್ ನೋಡಿ ನಾನೇ ಹೇಳಿದ್ದೇನೆ, "ಇನ್ನೊಂದು ಕೋಟ್ ಹೊಡೆಸಿ ಸ್ವಾಮಿ" ಅಂತ. ಆದರೆ ದೋಸೆಯನ್ನೇ ಹಾಕಬೇಡ ಅನ್ನೋದು ಯಾವ ನ್ಯಾಯ? 1872ರ ಕರಾರು ಕಾಯ್ದೆ, 27ನೇ ಸೆಕ್ಷನ್ ಓದಿ. ಒಬ್ಬ ಮನುಷ್ಯ ತನ್ನ ಕಸುಬು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಬ್ರಿಟಿಷರ ಕಾಲದ ಕಾನೂನು! ಮದ್ದೂರು ವಡೆಗಿಂತ ಹಳೇದು!

ವಡೆ ಅಂದ ಕೂಡಲೇ ನೆನಪಾಯಿತು. ಮದ್ದೂರು ವಡೆಗೆ ಫ್ರ್ಯಾಂಚೈಸಿ ಕೊಟ್ಟವರು ಯಾರು? ರೈಲಲ್ಲಿ, ಬಸ್ ಸ್ಟ್ಯಾಂಡಲ್ಲಿ, ಮದುವೆ ಮನೆಯಲ್ಲಿ, ಎಲ್ಲರೂ ಕರೀತಾರೆ. ಯಾರಾದರೂ ಯಾರಿಗಾದರೂ ರಾಯಲ್ಟಿ ಕಟ್ಟಿದ್ದಾರಾ?

ಇಲ್ಲೊಬ್ಬ ಕಾನೂನು ಪಂಡಿತರು ಬಂದು, "1995ರಲ್ಲಿ ಕೋಕಾಕೋಲಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತು ಒಪ್ಪಿದೆ" ಅಂತ ಬರೆದಿದ್ದಾರೆ. ಸಾರ್, ಪೂರ್ತಿ ಓದಿ. ಗುಜರಾತ್ ಬಾಟ್ಲಿಂಗ್ ಕೇಸ್ ಅದು. ಅಲ್ಲಿ ಒಪ್ಪಿದ್ದು ಒಪ್ಪಂದ ಜಾರಿಯಲ್ಲಿ ಇರುವಾಗಿನ ಷರತ್ತನ್ನು. ಮುಗಿದ ಮೇಲಿನದ್ದೇ ಬೇರೆ ಕಥೆ. ಸಂಸಾರ ಮಾಡುವಾಗಿನ ನಿಯಮ ಬಿಟ್ಟುಹೋದ ಮೇಲೂ ನಡೆಯುತ್ತದಾ?

ಇನ್ನೊಬ್ಬರು, "ರೆಸಿಪಿ ಕಂಪನಿಯ ರಹಸ್ಯ". ನಿಜವಾದ ರಹಸ್ಯ ಇದ್ದರೆ ಅದನ್ನು ಕಾಪಾಡಿಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಚಟ್ನಿಗೆ ಹುರಿಗಡಲೆ ಹಾಕೋದು ರಹಸ್ಯವಾ? ನಮ್ಮಜ್ಜಿ ಮೇಲೂ ಕೇಸ್ ಹಾಕಿಬಿಡಿ!

ಇಪ್ಪತ್ತು ಲಕ್ಷದ್ದೂ ಅಷ್ಟೇ. ಕಾಗದದಲ್ಲಿ ಬರೆದ ಮಾತ್ರಕ್ಕೆ ಅಷ್ಟೂ ಕೊಡಿಸುವುದಿಲ್ಲ. ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಮತ್ತೆ ಅಗ್ರಿಮೆಂಟಿನ ಕೊನೇ ಪುಟ ನೋಡಿದೆ. ಜಗಳ ಬಂದರೆ ಪಂಚಾಯ್ತಿ ಮುಂಬೈಯಲ್ಲಿ, ಒಬ್ಬನೇ ಮಧ್ಯಸ್ಥಗಾರ, ಅವನನ್ನು ನೇಮಿಸೋದು ಕಂಪನಿ! ಹಿತಾಸಕ್ತಿ ಇರುವ ಪಕ್ಷ ಹಾಗೆ ತಾನೇ ಒಬ್ಬನನ್ನು ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಇವರು ಹಳೇ ಕಾಪಿಯನ್ನೇ ಜೆರಾಕ್ಸ್ ಹೊಡೆಸುತ್ತಿದ್ದಾರೆ.

ಒಂದು ನಿಮಿಷ. ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿ. ನಮ್ಮ ಚಾನೆಲ್‌ಗೆ ಫ್ರ್ಯಾಂಚೈಸಿ ಇಲ್ಲ, ರಾಯಲ್ಟಿ ಇಲ್ಲ, ಬಿಟ್ಟು ಹೋದರೆ ನೋಟಿಸ್ ಕಳಿಸಲ್ಲ. ಚಾನೆಲ್ ಮಗ್ ಇನ್ನೂ ಹನ್ನೊಂದು ಉಳಿದಿವೆ, ಹಿಡಿ ಗಟ್ಟಿಯಾಗಿದೆ.

ಎಲ್ಲಿದ್ದೆ? ಹಾಂ, "ಕಣ್ಣು ಮುಚ್ಚಿಕೊಂಡಿದ್ದ". ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು ಕಂಪನಿ ಎಲ್ಲ ವಿವರದ ಕಡತ ಕೊಡಬೇಕು. ಹಳೇ ಕೇಸುಗಳು ಅದರಲ್ಲಿರಬೇಕು. ಇತ್ತೀಚೆಗೆ ಬಿಟ್ಟು ಹೋದವರ ಪಟ್ಟಿಯೂ ಇರಬೇಕು, ಫೋನ್ ಮಾಡಿ ಕೇಳಿಕೊಳ್ಳಲಿ ಅಂತ. ನಮ್ಮಲ್ಲಿ ಫ್ರ್ಯಾಂಚೈಸಿಗೆ ಅಂತಲೇ ಒಂದು ಕಾನೂನಿಲ್ಲ. ಕಣ್ಣು ತೆರೆದಿದ್ದರೂ ನೋಡೋಕೆ ಏನು ಕೊಟ್ಟಿದ್ದರು? ಬಣ್ಣದ ಬ್ರೋಷರ್, ಒಂದು ಹಾರ, ಒಂದು ಫೋಟೋ.

"ಹಾಗಾದರೆ ಕೋರ್ಟಿಗೆ ಹೋಗಲಿ" ಅಂತೀರಿ. ಮೆಕ್‌ಡೊನಾಲ್ಡ್ಸ್ ಮತ್ತು ವಿಕ್ರಮ್ ಬಕ್ಷಿ ಜಗಳ ನೆನಪಿದೆಯಾ? ಬಕ್ಷಿ ಇಲ್ಲಿ ಆ ಬರ್ಗರ್ ಕಂಪನಿಯ ಅಂಗಡಿಗಳನ್ನು ನಡೆಸುತ್ತಿದ್ದವರು, ಇಬ್ಬರೂ ಅರ್ಧ ಅರ್ಧ ಪಾಲುದಾರರು. 2013ರಲ್ಲಿ ಬಕ್ಷಿಯವರನ್ನು ಎಂಡಿ ಹುದ್ದೆಯಿಂದ ಇಳಿಸಿದರು, 2017ರಲ್ಲಿ 169 ಅಂಗಡಿಗಳ ಫ್ರ್ಯಾಂಚೈಸಿ ರದ್ದು ಮಾಡಿದರು. ದೆಹಲಿ, ಲಂಡನ್ ಎಲ್ಲ ಸುತ್ತಿ 2019ರಲ್ಲಿ ರಾಜಿ. ಆರು ವರ್ಷ! ನಮ್ಮವರಿಗೆ ಆರು ತಿಂಗಳ ಅಂಗಡಿ ಬಾಡಿಗೆಯೇ ಭಾರ. ಕಂಪನಿಗೂ ಅದು ಗೊತ್ತು. ಕೇಸ್ ಗೆಲ್ಲೋದು ಬೇಕಿಲ್ಲ, ಹೆದರಿ ಶಟರ್ ಎಳೆದರೆ ಸಾಕು.

ಅದಕ್ಕೇ ಕಿರುಚಿ ಹೇಳುತ್ತಿದ್ದೇನೆ. ಬೋರ್ಡ್ ಬಿಚ್ಚಿಕೊಳ್ಳಿ, ಟೀ ಶರ್ಟ್ ತಗೊಳ್ಳಿ, ಮೆನು ಕಾರ್ಡ್ ತಗೊಳ್ಳಿ, ಆ ಹಳದಿ ಟೋಪಿನೂ ತಗೊಂಡು ಹೋಗಿ! ಕಾವಲಿ ಮುಟ್ಟಬೇಡಿ! ಯಾಕೆ ಅಂದರೆ... ಮುಟ್ಟಬೇಡಿ ಅಷ್ಟೇ! ಬಿಸಿ ಇರುತ್ತದೆ!

ಪಕ್ಕದ ಮನೆಯವರು ಗೋಡೆ ಕುಟ್ಟುತ್ತಿದ್ದಾರೆ, ಸಾರಿ ಅಂಕಲ್.

ಕೊನೇ ಕಾಮೆಂಟ್. "ಅಣ್ಣ, ಕಂಪನಿ ಬೋರ್ಡ್ ಇದ್ದಾಗ ಚಟ್ನಿ ಚೆನ್ನಾಗಿತ್ತು."

ಅದು... ಇರಬಹುದು. ನಿನ್ನೆ ಸ್ವಲ್ಪ ನೀರು ಜಾಸ್ತಿ ಆಗಿತ್ತು. ಗಲ್ಲಾದಲ್ಲಿ ಕೂತವರಿಗೆ ಹೇಳಿ ಬಂದಿದ್ದೇನೆ. ನಾಳೆ ಹೋಗಿ ನೋಡುತ್ತೇನೆ.