ಈ. ಕೋಲಿಯಿಂದ ಆಚೆ: ಸೂಕ್ಷ್ಮಜೀವಿಗಳ ಕ್ರೋಮೋಸೋಮ್‌ನಲ್ಲಿ ಇನ್ನು ಹುಡುಕಬೇಕಾದದ್ದು

ಎಲ್ಲರಿಗೂ ನಮಸ್ಕಾರ.

ಬ್ಯಾಕ್ಟೀರಿಯಾದ ಕ್ರೋಮೋಸೋಮ್ (ವರ್ಣತಂತು) ಅಂದ ಕೂಡಲೇ ಪಠ್ಯಪುಸ್ತಕದ ಚಿತ್ರ ನೆನಪಾಗುತ್ತದೆ. ಉಂಗುರದ ಹಾಗಿರುವ ಒಂದು ಡಿಎನ್‌ಎ, ಅದರಲ್ಲಿ ನಕಲು ಶುರುವಾಗುವ ಒಂದು ಜಾಗ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಂಬ ಪ್ರೋಟೀನ್ ಇಲ್ಲ. ಈ ಚಿತ್ರ ಬಹುಪಾಲು ನಮ್ಮ ಕರುಳಿನಲ್ಲಿರುವ ಈ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು. 1963ರಲ್ಲಿ ಜಾನ್ ಕೇರ್ನ್ಸ್ ಅದರ ಡಿಎನ್‌ಎಗೆ ವಿಕಿರಣದ ಗುರುತು ಹಾಕಿ, ಆ ಉಂಗುರವನ್ನು ಫಿಲ್ಮಿನ ಮೇಲೆ ಮೂಡಿಸಿ ತೋರಿಸಿದರು. ತುಂಬಾ ದೊಡ್ಡ ಕೆಲಸ ಅದು. ಆದರೆ ಒಂದು ಜೀವಿಯ ಅಭ್ಯಾಸವೇ ಎಲ್ಲ ಜೀವಿಗಳ ನಿಯಮ ಎಂಬಂತೆ ಪಾಠಗಳಲ್ಲಿ ಉಳಿದುಬಿಟ್ಟಿತು. ಮುಂದಿನ ಸಂಶೋಧನೆ ಮೊದಲು ಇದರಿಂದ ಹೊರಗೆ ಬರಬೇಕು ಅನ್ನುವುದು ನನ್ನ ಮಾತು.

ಕಾಲರಾ ರೋಗಾಣುವಿಗೆ ಎರಡು ಕ್ರೋಮೋಸೋಮ್. ಮಣ್ಣಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿಸ್‌ನದು ಉಂಗುರವೇ ಅಲ್ಲ, ಎರಡು ತುದಿಗಳಿರುವ ಎಳೆ. ಬೇರೆ ಬ್ಯಾಕ್ಟೀರಿಯಾಗಳನ್ನು ಬೇಟೆಯಾಡುವ ಡೆಲ್ಲೊವಿಬ್ರಿಯೊದಲ್ಲಿ ಹಿಸ್ಟೋನ್ ಡಿಎನ್‌ಎಗೆ ಅಂಟಿಕೊಂಡಿರುವುದು 2023ರಲ್ಲಿ ವರದಿಯಾಯಿತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಹ್ಯಾಲೊಫೆರಾಕ್ಸ್ ವೊಲ್ಕಾನಿ. ಮೃತ ಸಮುದ್ರದ ಕೆಸರಿನಲ್ಲಿ ಸಿಕ್ಕ ಆರ್ಕಿಯಾ ಇದು; ಅಂದರೆ ಬ್ಯಾಕ್ಟೀರಿಯಾದ ಹಾಗೆ ಒಂದೇ ಕೋಶದ, ಆದರೆ ಬೇರೆಯೇ ಗುಂಪಿನ ಸೂಕ್ಷ್ಮಜೀವಿ. 2013ರಲ್ಲಿ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಇದರ ಕ್ರೋಮೋಸೋಮ್‌ನಿಂದ ನಕಲು ಶುರುವಾಗುವ ಜಾಗಗಳನ್ನೆಲ್ಲ ತೆಗೆದುಹಾಕಿದ್ದನ್ನು ಪ್ರಕಟಿಸಿದರು. ಸಾಯಬೇಕಿತ್ತು, ಅಲ್ವಾ? ಸಾಯಲಿಲ್ಲ. ಮೊದಲಿಗಿಂತ ಸ್ವಲ್ಪ ಬೇಗನೇ ಬೆಳೆಯಿತು! ಮುರಿದ ಡಿಎನ್‌ಎಯನ್ನು ಜೋಡಿಸಲು ನೆರವಾಗುವ ರಾಡ್‌ಎ ಎಂಬ ಪ್ರೋಟೀನ್ ಮಾತ್ರ ಆಗ ಅದಕ್ಕೆ ಬೇಕೇ ಬೇಕಾಯಿತು. ಅಂದರೆ ರಿಪೇರಿಯ ದಾರಿಯಿಂದಲೇ ನಕಲು ಶುರುವಾಗುತ್ತಿದೆ ಅಂತ ಕಾಣುತ್ತದೆ.

ಹಾಗಾದರೆ ಆ ಜಾಗಗಳು ಇರುವುದಾದರೂ ಯಾಕೆ? ಜೀವಿಯ ಒಳ್ಳೆಯದಕ್ಕೋ, ಸುಮ್ನೆ ತಮ್ಮನ್ನು ತಾವು ಉಳಿಸಿಕೊಳ್ಳುವುದಕ್ಕೋ? ಈ ಜೀವಿಯ ಒಂದೇ ಕೋಶದಲ್ಲಿ ಕ್ರೋಮೋಸೋಮ್‌ನ ಹತ್ತಾರು ಪ್ರತಿಗಳಿರುತ್ತವೆ. ಅಷ್ಟು ಪ್ರತಿಗಳಿರುವುದರಿಂದಲೇ ಇದು ಸಾಧ್ಯವಾಯಿತೋ? ಇದರ ಸಂಬಂಧಿ ಹ್ಯಾಲೊಫೆರಾಕ್ಸ್ ಮೆಡಿಟರೇನಿಯಲ್ಲಿ ಇದೇ ಪ್ರಯೋಗ ಮಾಡಿದಾಗ ಕಥೆ ಬೇರೆಯೇ ಆಯಿತು. ಅಲ್ಲಿ ಅದುವರೆಗೆ ಕೆಲಸ ಮಾಡದೆ ಇದ್ದ ಇನ್ನೊಂದು ಜಾಗದಿಂದ ನಕಲು ಶುರುವಾಯಿತು. ಇಷ್ಟು ಹತ್ತಿರದ ಜೀವಿಗಳಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಮುಂದಿನ ದಶಕಕ್ಕೆ ಇದೊಂದೇ ಪ್ರಶ್ನೆ ಸಾಕು ಅನ್ನಿಸುತ್ತದೆ ನನಗೆ.

ಇನ್ನೊಂದು ದಿಕ್ಕು ಡಿಎನ್‌ಎ ಮಡಚಿಕೊಳ್ಳುವ ರೀತಿ. ಈ. ಕೋಲಿಯ ಡಿಎನ್‌ಎ ಬಿಡಿಸಿಟ್ಟರೆ ಸುಮಾರು 1.5 ಮಿಲಿಮೀಟರ್. ಕೋಶದ ಉದ್ದ ಸುಮಾರು 2 ಮೈಕ್ರೋಮೀಟರ್. ಯಾವ ಭಾಗ ಯಾವ ಭಾಗದ ಪಕ್ಕದಲ್ಲಿದೆ ಅಂತ ಹೈ-ಸಿ ವಿಧಾನ ತೋರಿಸುತ್ತದೆ. ಸಲ್ಫೊಲೋಬಸ್ ಎಂಬ ಇನ್ನೊಂದು ಆರ್ಕಿಯಾದ ಕ್ರೋಮೋಸೋಮ್‌ನಲ್ಲಿ ಎರಡು ಬೇರೆ ಬೇರೆ ವಲಯಗಳಿವೆ ಅಂತ 2019ರಲ್ಲಿ ಗೊತ್ತಾದದ್ದು ಹೀಗೆಯೇ. ಆದರೆ ಹೈ-ಸಿ ಸಾಮಾನ್ಯವಾಗಿ ಕೊಡುವುದು ಲಕ್ಷಾಂತರ ಕೋಶಗಳ ಸರಾಸರಿ. ಒಂದೇ ಕೋಶ ಬೆಳೆದು ಎರಡಾಗಿ ಒಡೆಯುವಾಗ ಆ ವಲಯಗಳಿಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಜೀವಂತ ಕೋಶವನ್ನೇ ನೋಡಬೇಕು. ಸಲ್ಫೊಲೋಬಸ್‌ಗೋ 75 ಡಿಗ್ರಿಯಷ್ಟು ಬಿಸಿ, ಆಮ್ಲದ ನೀರು ಬೇಕು. ಆ ಬಿಸಿಯಲ್ಲಿ ಕೆಲಸ ಮಾಡುವ ಸೂಕ್ಷ್ಮದರ್ಶಕಗಳು ಈಗ ತಯಾರಾಗಿವೆ. ಹೆಚ್ಚಿನ ಪ್ರಯೋಗಾಲಯಗಳಿಗೆ ಅವು ಸಿಗುವಂತಾಗಬೇಕು.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಉಪ್ಪು ಪ್ರಿಯ ಆರ್ಕಿಯಾಗಳಿಗಾಗಿ ಮೃತ ಸಮುದ್ರಕ್ಕೇ ಹೋಗಬೇಕಿಲ್ಲ. ಉಪ್ಪಿನಾಗರಗಳ ಗಾಢ ನೀರಿನಲ್ಲೂ ಅವು ಬದುಕುತ್ತವೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಅಂಥ ಆಗರಗಳಿವೆ. ಅಲ್ಲಿಂದ ಒಂದು ತಳಿಯನ್ನು ಬೇರ್ಪಡಿಸಿ ಬೆಳೆಸಿ. ಜೋರಾಗಿ ಬೆಳೆಯುತ್ತಿರುವಾಗ ಡಿಎನ್‌ಎ ತೆಗೆದು ಸೀಕ್ವೆನ್ಸಿಂಗ್ ಮಾಡಿಸಿ, ಅಂದರೆ ಅದರ ಅಕ್ಷರಗಳ ಸಾಲನ್ನು ಓದಿಸಿ. ಕ್ರೋಮೋಸೋಮ್‌ನ ಯಾವ ಭಾಗ ಎಷ್ಟು ಸಲ ಓದಿಗೆ ಸಿಕ್ಕಿತು ಅಂತ ಗ್ರಾಫ್ ಹಾಕಿ. ನಕಲು ಶುರುವಾಗುವ ಜಾಗಗಳಿದ್ದರೆ, ಅಲ್ಲಿ ಪ್ರತಿಗಳು ಹೆಚ್ಚಿರುವುದರಿಂದ ಶಿಖರ ಕಾಣುತ್ತದೆ. ಎಲ್ಲಿಂದಲಾದರೂ ಶುರುವಾಗುತ್ತಿದ್ದರೆ ಗ್ರಾಫ್ ಸಪಾಟಾಗಿರುತ್ತದೆ. ಜಾಗಗಳನ್ನು ತೆಗೆದ ವೊಲ್ಕಾನಿಯಿಂದ ಪ್ರಯೋಗಾಲಯದಲ್ಲಿ ಹುಟ್ಟಿದ ಆ ಸಪಾಟು ಗೆರೆ ಪ್ರಕೃತಿಯಲ್ಲೂ ಎಲ್ಲಾದರೂ ಇದೆಯೇ ಅಂತ ನೀವು ನೋಡಬಹುದು.